ಅತ್ತೆಯ ಮಡಿ, ಲ್ಯಾಬಿನ ಮಡಿ

ಬೆಳಿಗ್ಗೆ ಪೂಜೆ ಮುಗಿಯುವ ಮುಂಚೆ ನಮ್ಮ ಅತ್ತೆಯವರನ್ನು ಮುಟ್ಟಿ ಸುಖವಾಗಿ ಬದುಕಿದವರು ನಂಜನಗೂಡಿನಲ್ಲಿ ಯಾರೂ ಇಲ್ಲ. ಇದು ಉತ್ಪ್ರೇಕ್ಷೆ ಅನ್ನುವವರು ನಮ್ಮ ಬೀದಿಯ ಹಾಲಿನವನನ್ನು ಒಮ್ಮೆ ವಿಚಾರಿಸಬೇಕು. ಪಾಪ, ಅವನು ಪ್ಯಾಕೆಟ್ಟನ್ನು ಕೈಗೇ ಕೊಡಲು ಹೋಗಿದ್ದ, ಅಷ್ಟೇ! ಅಂದಿನಿಂದ ಗೇಟಿನಾಚೆಯಿಂದ ಹಾಲು ಎಸೆದು, ಅದು ನೆಲಕ್ಕೆ ಬೀಳುವ ಮೊದಲೇ ಸೈಕಲ್ ತುಳಿಯುತ್ತಾನೆ. ಮಾವನವರು ಬದುಕಿದ್ದಾಗ ಅವರಿಗೂ ರಿಯಾಯಿತಿ ಇರಲಿಲ್ಲವಂತೆ. ಪೇಪರ್ ಕೇಳಿದರೆ ಅತ್ತೆ ಕೋಲಿನ ತುದಿಯಲ್ಲಿ ತಳ್ಳುತ್ತಿದ್ದರಂತೆ.

ಆ ಕೋಲಿನ ಬಗ್ಗೆ ಹೇಳಲೇಬೇಕು. ನಡುಮನೆಯ ಸೂರಿಗೆ ಅಡ್ಡಲಾಗಿ ಕಟ್ಟಿದ ಬಿದಿರಿನ ಗಳದ ಮೇಲೆ ಅತ್ತೆಯ ಮಡಿಸೀರೆ ಒಣಗುತ್ತದೆ. ಅದನ್ನು ಹರವುವುದೂ ತೆಗೆಯುವುದೂ ಕೋಲಿನಲ್ಲೇ. ತಣ್ಣೀರು ಸ್ನಾನ, ಆ ಸೀರೆ, ಹಣೆ ತುಂಬ ವಿಭೂತಿ, ಆಮೇಲೆ ಲಿಂಗಪೂಜೆ. ನಡುವೆ ಯಾರಾದರೂ ತಾಗಿದರೆ ಎಲ್ಲ ಮೊದಲಿನಿಂದ! ಅತ್ತೆಯ ತವರು ನರಸೀಪುರ ತಾಲ್ಲೂಕಿನ ಸೋಮನಾಥಪುರ. ಗುಡಿಯ ಶಿಲ್ಪಗಳನ್ನು ಪ್ರವಾಸಿಗರು ಮುಟ್ಟದಂತೆ ಕಾವಲುಗಾರ ಗದರುವುದನ್ನು ಕೇಳಿ ಕೇಳಿ ಬೆಳೆದದ್ದೇ ಇದಕ್ಕೆಲ್ಲ ಮೂಲ ಎಂಬುದು ನನ್ನ ಗಂಡನ ಸಂಶೋಧನೆ.

ಸಂಶೋಧನೆ ನನ್ನ ಕಸುಬು ಕೂಡ. ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ನ್ಯಾನೊ ತಂತ್ರಜ್ಞಾನದ ಕೆಲಸ. ಒಂದು ಕೂದಲೆಳೆಯನ್ನು ಸಾವಿರಾರು ಸಲ ಸೀಳಿದರೆ ಎಷ್ಟು ತೆಳುವಾದೀತೋ ಅಷ್ಟು ತೆಳುವಾದ ಪದರಗಳನ್ನು ಸಣ್ಣ ಬಿಲ್ಲೆಗಳ ಮೇಲೆ ಕೂರಿಸುತ್ತೇವೆ. ಅಲ್ಲಿನ ಕ್ಲೀನ್ ರೂಮಿನ ಹೊಣೆ ಈಗ ನನ್ನದು. ಅದು ನನ್ನದಾದದ್ದಕ್ಕೂ ಅತ್ತೆಯ ಮಡಿಗೂ ಏನು ಸಂಬಂಧ ಅನ್ನುತ್ತೀರಾ? ಅದನ್ನೇ ಹೇಳಹೊರಟಿದ್ದೇನೆ.

ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಕೇಳಿದ್ದರು, "ಅದೇನ್ ಕೂಸೇ ನಿನ್ ಕೆಲ್ಸ?"

"ಕಣ್ಣಿಗೆ ಕಾಣದಷ್ಟು ಸಣ್ಣ ಪದಾರ್ಥ ಮಾಡೋದು ಅತ್ತೆ."

"ಕಣ್ಗೇ ಕಾಣ್ದೇ ಓದ್ರೆ, ಮಾಡಿದ್ದೀಯೋ ಇಲ್ವೋ ಅಂತ ಅವ್ರಿಗೆ ಎಂಗ್ ಗೊತ್ತಾದದು?"

"ದೊಡ್ಡ ಯಂತ್ರದಲ್ಲಿ ನೋಡ್ತಾರೆ."

"ಬುಡು. ನಾವು ಮನೇಲಿ ಮಾಡೋದೂ ಯಾರ ಕಣ್ಗೂ ಕಾಣಲ್ಲ. ನಿಂಗೆ ಸಂಬ್ಳನಾದ್ರೂ ಬತ್ತದಲ್ಲ!"

ಮನೆಯವರಿಗೆ ಲ್ಯಾಬ್ ತೋರಿಸುವ ದಿನ ಅಂತ ನಮ್ಮಲ್ಲಿ ಒಂದಿದೆ. ಅತ್ತೆ ಹೊರಗಿನ ನೀರನ್ನೂ ಮುಟ್ಟದವರು, ಬುತ್ತಿ ಕಟ್ಟಿಕೊಂಡು ರೈಲು ಹತ್ತಿ ಬಂದರು. ಕ್ಲೀನ್ ರೂಮಿನ ಗಾಜಿನ ಗೋಡೆಯ ಮುಂದೆ ನಿಲ್ಲಿಸಿದೆ. ಒಂದು ಕಣ ಧೂಳು ಬಿದ್ದರೂ ಪದರ ಹಾಳಾಗುತ್ತದೆ, ಅದಕ್ಕೇ ಈ ಕೋಣೆ ಎಂದು ವಿವರಿಸಿದೆ. ಒಳಗೆ ನಮ್ಮವರು ಅಡಿಯಿಂದ ಮುಡಿಯವರೆಗೆ ಬಿಳಿ ದಿರಿಸು ತೊಟ್ಟು ಓಡಾಡುತ್ತಿದ್ದರು.

"ಒಳೀಕ್ ಓಗೋಕ್ ಮುಂಚೆ ಬಟ್ಟೆ ಬದ್ಲಾಯಿಸ್ಬೇಕಾ?"

"ಹೂಂ ಅತ್ತೆ. ಅದಕ್ಕೇ ಅಂತ ಒಗೆದು ಬೇರೆ ಇಟ್ಟಿರ್ತಾರೆ."

"ಯಾರ್ನೂ ಮುಟ್ಟಂಗಿಲ್ವಾ?"

"ಏನನ್ನೂ ಮುಟ್ಟೋ ಹಾಗಿಲ್ಲ. ಎಲ್ಲಾ ಚಿಮಟದಲ್ಲೇ ಹಿಡೀಬೇಕು."

"ಮುಟ್ಬುಟ್ರೆ?"

"ಎಲ್ಲ ಮೊದಲಿನಿಂದ ಮಾಡಬೇಕು."

ಅತ್ತೆ ಗಾಜಿನ ಗೋಡೆಗೆ ಕೈ ಮುಗಿದರು! ವಾಪಸು ಬರುವಾಗ ರೈಲಿನಲ್ಲಿ ಕಡಲೆಕಾಯಿ ಮಾರುವವಳಿಗೂ ಸುದ್ದಿ ಮುಟ್ಟಿತು. "ನಮ್ ಸೊಸೆ ಆಪೀಸ್ನಲ್ಲಿ ಮಡಿ ಅಂದ್ರೆ ಮಡಿ ಕಣವ್ವಾ! ನಮ್ದೇನು, ಬರೀ ಕೋಲು. ಅವ್ರದ್ದು ಚಿಮ್ಟ!"

ಮರುದಿನದಿಂದ ಅತ್ತೆಯ ಲೆಕ್ಕದಲ್ಲಿ ನಾನೂ ಮಡಿ. ಬೆಳಗಿನ ಹೊತ್ತು ನಾನು ಒಲೆ ಹಚ್ಚುವಂತಿಲ್ಲ, ಮುಸುರೆ ಮುಟ್ಟುವಂತಿಲ್ಲ, ಎರಡು ವರ್ಷದ ಮಗಳು ಗಂಜಿ ಮೆತ್ತಿದ ಕೈಯಲ್ಲಿ ಓಡಿ ಬಂದರೆ ಎತ್ತುವಂತಿಲ್ಲ. ಅತ್ತೆ ಹೇಗೂ ಪೂಜೆ ಮುಗಿಯುವವರೆಗೆ ಮಗುವನ್ನು ಮಾರುದೂರ ನಿಲ್ಲಿಸುತ್ತಿದ್ದರು. ಇನ್ನುಳಿದವರು ಯಾರು? ನನ್ನ ಗಂಡ! ಮುದ್ದೆ ತಿರುವುವ ಕೋಲು ಅವರ ಕೈಗೆ ಬಂತು. "ಅಮ್ಮಂದೊಂದು ಮಡಿ, ನಿಂದೊಂದು ಮಡಿ. ಮಧ್ಯೆ ಮೈಲಿಗೆ ಅಂತ ಉಳಿದೋನು ನಾನೊಬ್ನೇ!" ಎಂದು ಗೊಣಗುತ್ತಲೇ ಗಂಟಿಲ್ಲದ ಮುದ್ದೆ ಕಟ್ಟಲು ಕಲಿತರು. ಮಹಿಳಾ ಸಮಾನತೆಯ ಬಗ್ಗೆ ನಾನು ಬೇಕಾದಷ್ಟು ಭಾಷಣ ಕೇಳಿದ್ದೇನೆ. ಅವುಗಳಲ್ಲಿ ಒಂದೂ ನಮ್ಮ ಮನೆಯ ಗಂಡಸನ್ನು ಅಡುಗೆಮನೆಗೆ ಕಳಿಸಿರಲಿಲ್ಲ.

ತಗಡೂರಿನಿಂದ ದೊಡ್ಡಮಾವ, ಅಂದರೆ ಮಾವನವರ ಅಣ್ಣ, ಆಗಾಗ ಬರುತ್ತಾರೆ. ಬಂದಾಗಲೆಲ್ಲ ಅವರದು ಒಂದೇ ರಾಗ. "ಕೂಸು ಚಿಕ್ಕದು. ಮೈಸೂರ್‌ಗ್ಯಾಕೆ ಅಲೀಬೇಕು? ಇಲ್ಲೇ ಕಾಲೇಜ್ನಲ್ಲಿ ಪಾಟ ಏಳ್ಕಂಡಿದ್ರೆ ಮೂರ್ ಗಂಟೆಗೆ ಮನೆ ಸೇರ್ಬೋದು." ಒಮ್ಮೆ ಬೆಳಿಗ್ಗೆಯೇ ಬಂದು ನನ್ನ ಎದುರಿಗೆ ಕುರ್ಚಿ ಎಳೆದುಕೊಂಡರು.

"ಭಾವ, ದೂರ! ದೂರ!" ಎಂದರು ಅತ್ತೆ. "ಅವ್ಳು ಮಡೀಲವ್ಳೆ."

ದೊಡ್ಡಮಾವ ಕುರ್ಚಿಯನ್ನು ಜಗಲಿಗೆ ಒಯ್ದರು. ಅಷ್ಟು ದೂರದಿಂದ ನನ್ನ ಉದ್ಯೋಗದ ಸಾಧಕ ಬಾಧಕ ಚರ್ಚಿಸಲು ಕೂಗಬೇಕಾಗುತ್ತಿತ್ತು. ಅವರ ಗಂಟಲಿಗೆ ಆ ತ್ರಾಣ ಇರಲಿಲ್ಲ.

ಆದರೆ ಅತಿಯಾದರೆ ಅಮೃತವೂ ವಿಷ. ಒಮ್ಮೆ, ಒಗೆದು ಕವರಿನಲ್ಲಿ ಮುಚ್ಚಿಟ್ಟ ಬಿಳಿ ದಿರಿಸೊಂದನ್ನು ಮರೆತು ಬ್ಯಾಗಿನಲ್ಲೇ ಮನೆಗೆ ತಂದುಬಿಟ್ಟಿದ್ದೆ. ಅತ್ತೆಯ ಕಣ್ಣಿಗೆ ಬಿತ್ತು. ಕವರನ್ನು ಯಾರ‍್ಯಾರು ಮುಟ್ಟಿದ್ದರೋ ಏನೋ! ಸ್ನಾನಘಟ್ಟಕ್ಕೆ ಒಯ್ದು ಕಪಿಲೆಯಲ್ಲಿ ಜಾಲಿಸಿದರು, ಗಳದ ಮೇಲೆ ಒಣಗಿಸಿದರು, ಕೋಲಿನಲ್ಲಿ ಇಳಿಸಿದರು, ಶ್ರೇಯಸ್ಸಿಗೆ ಇರಲಿ ಎಂದು ಎದೆಗೂ ತೋಳಿಗೂ ವಿಭೂತಿ ಬಳಿದು ಮತ್ತೆ ಕವರಿಗೆ ಸೇರಿಸಿದರು. ನನಗೆ ಇದಾವುದೂ ಗೊತ್ತಿಲ್ಲ. ಬಿಳಿಯ ಮೇಲೆ ಬಿಳಿ ಕಾಣಿಸಲೂ ಇಲ್ಲ, ತೊಟ್ಟು ಒಳಗೆ ಕಾಲಿಟ್ಟೆ. ಧೂಳು ಎಣಿಸುವ ಯಂತ್ರ ಅಂಬ್ಯುಲೆನ್ಸಿನ ಹಾಗೆ ಬಡಿದುಕೊಂಡಿತು! ಕೋಣೆ ತೊಳೆದು ಮತ್ತೆ ಕೆಲಸ ಶುರುವಾಗಲು ವಾರ ಹಿಡಿಯಿತು.

ಮನೆಗೆ ಬಂದು ಹೇಳಿದೆ. ಅತ್ತೆಯ ಮುಖ ಸಣ್ಣಗಾಯಿತು.

"ಇಬೂತಿ ಅಲ್ಲಿ ಧೂಳಾ?"

"ಅಲ್ಲಿ ಎಲ್ಲಾ ಪುಡಿನೂ ಧೂಳೇ ಅತ್ತೆ."

ಅವರು ಕೋಪಿಸಿಕೊಳ್ಳಲಿಲ್ಲ, ನೊಂದುಕೊಂಡರು. ಆದರೂ ಬರಿಹಣೆಯಲ್ಲಿ ಹೊಸ್ತಿಲು ದಾಟಲು ಮಾತ್ರ ಸುತರಾಂ ಬಿಡಲಿಲ್ಲ. ದಿನವೂ ನಾನು ಚಪ್ಪಲಿ ಮೆಟ್ಟುವಾಗ ವಿಭೂತಿ ಗಟ್ಟಿಯನ್ನು ಕೋಲಿನಿಂದ ನನ್ನತ್ತ ಉರುಳಿಸುತ್ತಿದ್ದರು. ನಾನು ಹಚ್ಚಿಕೊಂಡು ತೋರಿಸಿ ಹೊರಡುತ್ತಿದ್ದೆ, ಲ್ಯಾಬಿನಲ್ಲಿ ಒರೆಸಿಕೊಳ್ಳುತ್ತಿದ್ದೆ. ಆ ವಿಷಯ ಅವರೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ಇನ್ನು ನಮ್ಮ ಮುಖ್ಯಸ್ಥರ ಪರಿಚಯ. ಬಹಳ ಒಳ್ಳೆಯವರು. ಹೆಣ್ಣುಮಕ್ಕಳಿಗೆ ತೊಂದರೆ ಕೊಡಬಾರದು ಎಂಬುದು ಅವರ ವ್ರತ. ಮಹಿಳಾ ದಿನಕ್ಕೆ ಗುಲಾಬಿ ಕೊಡುತ್ತಾರೆ. ಹೊಸ ಜವಾಬ್ದಾರಿ ಬಂದಾಗ "ನಿಮಗ್ಯಾಕೆ ಪಾಪ ತೊಂದರೆ" ಎಂದು ಅದನ್ನು ಗಂಡಸರಿಗೆ ಕೊಡುತ್ತಾರೆ. ಹೀಗೆ ತೊಂದರೆ ಕೊಡದೇ ಕೊಡದೇ ನಮ್ಮನ್ನು ಇದ್ದಲ್ಲೇ ಇಟ್ಟಿದ್ದರು. ನಾನು ವರ್ಷಗಟ್ಟಲೆ ಬೇಡಿ ತರಿಸಿದ ಯಂತ್ರವೊಂದು ಕೊನೆಗೂ ಬಂತು. ಅದನ್ನು ಜೋಡಿಸಿ ಕಲಿಸಲು ಕಂಪನಿಯವರು ಬರುವ ದಿನ ಯಾರು ಇರುತ್ತಾರೋ ಅವರಿಗೇ ಯಂತ್ರದ ಜೊತೆ ಕ್ಲೀನ್ ರೂಮಿನ ಉಸ್ತುವಾರಿ. ದಿನ ಯಾವುದು? ಕಡೆಯ ಕಾರ್ತಿಕ ಸೋಮವಾರ!

ಅಂದು ನಮ್ಮ ಮನೆಗೆ ಮಠದ ಬುದ್ಧಿಯವರು, ಅಂದರೆ ಸ್ವಾಮಿಗಳು, ಪಾದಪೂಜೆಗೆ ಬರುತ್ತಾರೆ. ಮಗ ಪಾದ ತೊಳೆಯಬೇಕು, ಸೊಸೆ ನೀರು ಬಿಡಬೇಕು. ಅತ್ತೆ ವರ್ಷವಿಡೀ ಕಾಯುವ ದಿನ ಅದು. "ನಿಮ್ಮನೇಲಿ ಪೂಜೆ ಅಂತಲ್ಲ, ಆರಾಮಾಗಿರಿ. ಮಗು ಬೇರೆ ಇದೆ. ಅವನು ನೋಡ್ಕೊಳ್ತಾನೆ" ಎಂದರು ಮುಖ್ಯಸ್ಥರು. ಅವನು ಎಂದರೆ ನನಗಿಂತ ಎಷ್ಟೋ ಆಮೇಲೆ ಸೇರಿದವನು. ಬಿಳಿ ದಿರಿಸು ತೊಡುವುದನ್ನು ಅವನಿಗೆ ಕಲಿಸಿದ್ದೇ ನಾನು. ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಯಾವ ಬಾಯಲ್ಲಿ ಕೇಳಲಿ?

ಸೋಮವಾರ ಬೆಳಿಗ್ಗೆ. ನನ್ನ ಹಣೆ ತುಂಬ ದಪ್ಪ ವಿಭೂತಿ, ಕಂಕುಳಲ್ಲಿ ಮಗಳು. ಲ್ಯಾಬಿಗೆ ಹೋಗದ ದಿನವಾದ್ದರಿಂದ ನನ್ನ ಮಡಿಗೂ ರಜೆ. ದೊಡ್ಡಮಾವ ಜಗಲಿಯಲ್ಲಿ ಬುದ್ಧಿಯವರ ದಾರಿ ಕಾಯುತ್ತಿದ್ದರು. ಫೋನ್ ಬಂತು. ಕೈ ಬಿಡುವಿಲ್ಲದೆ ಸ್ಪೀಕರ್ ಒತ್ತಿದೆ. ಲ್ಯಾಬಿನ ಕಿರಿಯ ಹುಡುಗಿಯ ಧ್ವನಿ ನಡುಮನೆ ತುಂಬಿತು.

"ಅಕ್ಕಾ, ಕಂಪನಿಯವ್ರು ಹತ್ತು ಗಂಟೆಗೆ ಬರ್ತಿದ್ದಾರೆ. ನೀವು ಬರದೇ ಇದ್ರೆ ಯಂತ್ರ, ರೂಮು ಎರಡೂ ಅವನಿಗೇ ಅಂತೆ. ನಿಮಗೇ ಕೊಡ್ದೇ ಇದ್ದೋರು ನಮಗೆ ಯಾವತ್ತು ಕೊಡ್ತಾರೆ? ಬಂದ್ಬಿಡಿ ಅಕ್ಕಾ."

ನಾನು ಫೋನ್ ಆರಿಸಿ ತಿರುಗಿದೆ. ಒದ್ದೆ ತಲೆ, ಮಡಿಸೀರೆ, ಪೂಜೆಗೆ ಕೂರಲು ಹೊರಟಿದ್ದ ಅತ್ತೆ ಅಲ್ಲೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ನೆಟ್ಟಗೆ ನನ್ನತ್ತ ನಡೆದು ಬಂದರು. ಅಭ್ಯಾಸ ನೋಡಿ, ನಾನು ಹಿಂದೆ ಸರಿದೆ. ಅವರು ಎರಡೂ ಕೈ ಚಾಚಿ ಮಗುವನ್ನು ಎತ್ತಿಕೊಂಡರು!

ಮೊಮ್ಮಗಳು ತಡಮಾಡಲಿಲ್ಲ. ಬೆಳಗಿನ ಹೊತ್ತು ಮೊದಲ ಸಲ ಅಜ್ಜಿಯ ಮಡಿಲು ಸಿಕ್ಕ ಖುಷಿಗೆ ಮಡಿಸೀರೆಯ ಮೇಲೆ ಧಾರಾಳವಾಗಿ ಉಚ್ಚೆ ಹುಯ್ದಳು.

"ಅಯ್ಯೋ, ಮಡಿ ಓಯ್ತಲ್ಲವ್ವಾ!" ದೊಡ್ಡಮಾವ ಓಡಿ ಬಂದರು. "ಬುದ್ಧಿಯೋರು ಬರೋ ಒತ್ತು!"

"ನನ್ ಮಡಿಗೇನ್ ಭಾವ? ಇನ್ನೊಂದ್ ಕೊಡ ನೀರ್ ಉಯ್ಕಂಡ್ರೆ ವಾಪಸ್ ಬತ್ತದೆ. ಅವಳ್ದು ಓದ್ರೆ ಬತ್ತದಾ?"

"ಪಾದಕ್ಕೆ ನೀರ್ ಬುಡೋರ್ ಯಾರು?"

"ನಾನ್ ಬುಡ್ತೀನಿ. ಬುದ್ಧಿಯೋರು ಕೇಳುದ್ರೆ, ಸೊಸೆ ಇನ್ನೊಂದ್ ಪೂಜೆಗ್ ಓಗವ್ಳೆ ಅಂತೀನಿ."

ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಓಡಿದೆ. ಗಂಡ ಆಗಲೇ ಬೈಕ್ ಸ್ಟಾರ್ಟ್ ಮಾಡಿದ್ದರು. ರೈಲಿಗೆ ಬಿಟ್ಟು ಪೂಜೆಯ ಹೊತ್ತಿಗೆ ಮರಳಬೇಕಲ್ಲ.

"ನಿಂತ್ಕ," ಎಂದರು ಅತ್ತೆ.

ಹತ್ತಿರ ಬಂದರು. ಕೈಯಲ್ಲಿ ಕೋಲು ಇರಲಿಲ್ಲ. ಒಂದು ಕಂಕುಳಲ್ಲಿ ಮಗುವನ್ನು ಇಟ್ಟುಕೊಂಡೇ ಸೆರಗಿನ ನೆನೆಯದ ತುದಿಯನ್ನು ಬಾಗಿಲ ಬಳಿಯ ತಂಬಿಗೆಯ ನೀರಲ್ಲಿ ಅದ್ದಿ, ನನ್ನ ಹಣೆಯ ವಿಭೂತಿಯನ್ನು ತಾವೇ ಒರೆಸಿದರು. ಒಂದು ಗೆರೆಯೂ ಉಳಿಯದ ಹಾಗೆ, ಹುಬ್ಬಿನ ಸಂದಿಯಲ್ಲೂ ಬಿಡದೆ ಒರೆಸಿದರು.

"ಅಲ್ಲಿ ಧೂಳಾಯ್ತದೆ ಅಂದಿದ್ಯಲ್ಲ."

ನಾನು ಆ ಮನೆಗೆ ಬಂದ ಮೇಲೆ ಅವರು ಬೆಳಗಿನ ಹೊತ್ತು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಕೈ ತಣ್ಣಗಿತ್ತು. ಅವರ ಕೈ ಹಿಡಿದುಕೊಳ್ಳಲು ಹೋದೆ.

ಅತ್ತೆ ಥಟ್ಟನೆ ಹಿಂದೆ ಸರಿದರು. "ಮುಟ್ಟಬ್ಯಾಡ ಕೂಸೇ," ಅಂದರು, "ನೀನ್ ಈಗ ಮಡೀಲಿದ್ದೀಯೆ."