ಹತ್ತು ಹತ್ತರ ಪಟ್ಟಿಯಲ್ಲಿ ಹೋದ ಸೈಟು

ಎಪ್ಪತ್ತರ ದಶಕ. ಇಡೀ ಕಾರ್ಖಾನೆಯಲ್ಲಿ ಕಂಪ್ಯೂಟರಿಗೆ ಬುದ್ಧಿ ಹೇಳಬಲ್ಲವನು ನಾನೊಬ್ಬನೇ ಎಂದು ನಂಬಿದ್ದ ಕಾಲ. ಕಂಪ್ಯೂಟರಿನ ಅಭಿಪ್ರಾಯವನ್ನು ನಾನು ವಿಚಾರಿಸಿರಲಿಲ್ಲ.

ನಮ್ಮ ನೌಕರರ ಸಂಘ ವಿಜಯನಗರದ ಆಚೆ ಜಮೀನು ಕೊಂಡು, ಅರ್ಜಿ ಹಾಕಿದವರಿಗೆಲ್ಲ ಒಂದೊಂದು ಸೈಟು ಕೊಡುವುದೆಂದು ತೀರ್ಮಾನಿಸಿತು. ಅರ್ಜಿದಾರರ ಪಟ್ಟಿ ಅಚ್ಚು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಹೆಸರನ್ನು ತೂತುಗಳಾಗಿ ಕೊರೆದು ಯಂತ್ರಕ್ಕೆ ಓದಿಸಲು ಒಬ್ಬೊಬ್ಬರಿಗೆ ಒಂದೊಂದು ತೂತಿನ ಕಾರ್ಡು. ಹತ್ತು ಕಾರ್ಡು ಓದು, ಹತ್ತಾದ ಮೇಲೆ ಒಂದು ಹಾಳೆ ಅಚ್ಚು ಹಾಕು, ಮತ್ತೆ ಹತ್ತು ಓದು, ಕಾರ್ಡು ಮುಗಿದರೆ ನಿಲ್ಲು. ಇದೇ ನನ್ನ ಆಜ್ಞೆ. ಇಪ್ಪತ್ತು ಕಾರ್ಡು ಕೊಟ್ಟು ಪರೀಕ್ಷಿಸಿದೆ. ಎರಡು ಹಾಳೆ ಮುತ್ತಿನಂತೆ ಬಂದವು!

ಈ ಪರಾಕ್ರಮದಲ್ಲಿ ಮುಳುಗಿ ನನ್ನ ಸ್ವಂತ ಅರ್ಜಿಯನ್ನು ಎಲ್ಲರಿಗಿಂತ ಕೊನೆಗೆ ಕೊಟ್ಟೆ. ನನಗಿಂತ ಸ್ವಲ್ಪ ಮೊದಲು ಕೊಟ್ಟವರು ಅಟೆಂಡರ್ ಮುನಿಯಪ್ಪನವರು. ಬಿನ್ನಿಪೇಟೆಯಲ್ಲಿ ಬಾಡಿಗೆ ಮನೆ, ಮುಂದಿನ ತಿಂಗಳು ನಿವೃತ್ತಿ. ಒಟ್ಟು ಮೂವತ್ತೇಳು ಅರ್ಜಿ. ಯಂತ್ರ ಮೂರು ಹಾಳೆ ಕೊಟ್ಟಿತು. ಎಣಿಸಿ ನೋಡುವುದು ಯಂತ್ರಕ್ಕೆ ಅವಮಾನವೆಂದು ಹಾಗೆಯೇ ಒಪ್ಪಿಸಿದೆ. ಸಂಘದವರು ಪಟ್ಟಿಯಂತೆ ಜಮೀನನ್ನು ಭಾಗ ಮಾಡಿಸಿದರು.

ಯಾರಿಗೆ ಯಾವ ಸೈಟು ಎಂದು ಚೀಟಿ ಎತ್ತುವ ದಿನ ನನ್ನ ಹೆಂಡತಿ ಸರಸ ರೇಷ್ಮೆ ಸೀರೆ ಉಟ್ಟು ಬಂದಳು. ರಾಜಾಜಿನಗರದ ಬಾಡಿಗೆ ವಠಾರದಲ್ಲಿ ಹನ್ನೊಂದು ವರ್ಷ ನಲ್ಲಿಯ ಮುಂದೆ ಸರದಿ ಕಾದವಳು. ತುಳಸಿಕಟ್ಟೆ ಎಲ್ಲಿ, ಸ್ವಂತ ನಲ್ಲಿ ಎಲ್ಲಿ ಎಂದು ಮೊದಲೇ ನಿಶ್ಚಯಿಸಿದ್ದಳು. ಚೀಟಿಯ ಬಿಂದಿಗೆ ಖಾಲಿಯಾಯಿತು. ನಮ್ಮ ಹೆಸರು ಬರಲಿಲ್ಲ.

ಹತ್ತು ತುಂಬಲಿಲ್ಲವೆಂದು ಮುನಿಯಪ್ಪನವರೂ ನಾನೂ ಸೇರಿ ಕೊನೆಯ ಏಳು ಮಂದಿ ಯಂತ್ರದ ಹೊಟ್ಟೆಯಲ್ಲೇ ಉಳಿದಿದ್ದರು! ಮಿಕ್ಕವರನ್ನೂ ಅಚ್ಚು ಹಾಕು ಎಂದು ನಾನು ಅದಕ್ಕೆ ಹೇಳಿಯೇ ಇರಲಿಲ್ಲ. ಜಮೀನೆಲ್ಲ ಮೂವತ್ತೇ ಸೈಟಾಗಿ ಹಂಚಿಹೋಗಿದೆ, ಇನ್ನು ಅಂಗುಲ ಜಾಗವೂ ಇಲ್ಲ ಎಂದರು ಸಂಘದ ಕಾರ್ಯದರ್ಶಿ. "ಕಂಪ್ಯೂಟರ್ ತಪ್ಪು ಮಾಡಲ್ಲ ಅಂತ ನೀವೇ ಹೇಳಿದ್ರಲ್ಲ ಸಾರ್."

ಮುನಿಯಪ್ಪನವರು ಬೈದಿದ್ದರೆ ವಾಸಿಯಿತ್ತು. ಅವರು ಬೈಯಲಿಲ್ಲ. "ನನ್ನ ಕಾರ್ಡಲ್ಲಿ ತೂತು ಸರಿಯಾಗಿ ಬಿದ್ದಿರ್ಲಿಲ್ವಾ ಸಾರ್?" ಎಂದರು. ಸರಿಯಾಗಿಯೇ ಬಿದ್ದಿತ್ತು ಎಂದೆ. ಆ ಮುಖ ನೆನೆದರೆ ಇವತ್ತಿಗೂ ನನಗೆ ಊಟ ಸೇರುವುದಿಲ್ಲ.

ಬಸ್ಸಿನಲ್ಲಿ ಸರಸ ಬೆರಳು ಮಡಿಸಿ ಏನೋ ಲೆಕ್ಕ ಹಾಕುತ್ತಾ ಕೂತಳು. ಮನೆಯ ಬೀಗ ತೆಗೆಯುವಾಗ ಮೆಲ್ಲಗೆ ಕೇಳಿದಳು.

"ಮೂವತ್ತೇಳನ್ನ ಹತ್ತರಿಂದ ಭಾಗಿಸಿದ್ರೆ ಮಿಕ್ಕೋದಕ್ಕೆ ಏನಂತಾರೆ ರೀ?"

"ಶೇಷ," ಎಂದೆ.

ಅವಳು ಬಾಗಿಲ ಮೇಲಿನ ಹೆಸರಿನ ಫಲಕವನ್ನು ನೋಡುತ್ತಾ ನಿಂತಳು. ಮೂರನೇ ಕ್ಲಾಸಿನ ಭಾಗಾಕಾರ ಮರೆತ ಕಂಪ್ಯೂಟರ್ ಪಂಡಿತನ ಹೆಸರು ಅಲ್ಲಿ ದಪ್ಪ ಅಕ್ಷರದಲ್ಲಿತ್ತು: ಶೇಷಗಿರಿ.