ಹಾಸಿಗೆಯಿಂದ ಜಾಂಬೋಟಿಗೆ ಹೊರಟ ಬಸ್ಸು

ನನ್ನ ಸೋದರಮಾವನಿಗೆ ಇಡೀ ಆಯುಷ್ಯದಲ್ಲಿ ಆದದ್ದು ಒಂದೇ ಅಪಘಾತ. ಅದೂ ನಿಂತ ಗಾಡಿಯಲ್ಲಿ! ಜಾಂಬೋಟಿಯ ಜಡಿಮಳೆಯಲ್ಲಿ ವರ್ಷಗಟ್ಟಲೆ ಬಸ್ಸು ಓಡಿಸಿ, ಯಾರಿಗೂ ಒಂದು ಗೀರು ತಾಗಿಸದೆ ನಿವೃತ್ತನಾದ ಈ ಮಹಾಶಯ, ಖಾನಾಪುರದ ಪೇಟೆಯಲ್ಲಿ ಗೆಳೆಯನ ಲಾರಿಯಿಂದ ಕೆಳಗೆ ಹಾರಿ ಮೊಣಕಾಲಿನ ಲಿಗಮೆಂಟು ಹರಿದುಕೊಂಡ. ಹಾರಿದ್ದೇಕೆ? ಎದುರಿಗೆ ಯಾವನೋ ತಪ್ಪಾಗಿ ರಿವರ್ಸ್ ತೆಗೆಯುತ್ತಿದ್ದನಂತೆ. ಅವನನ್ನು ಬೈಯುವ ಅವಸರದಲ್ಲಿ ಮೈ ಆ ಕಡೆ ತಿರುಗಿತು, ಎಡಗಾಲು ಈ ಕಡೆಯೇ ಉಳಿಯಿತು. ಎತ್ತಲು ಓಡಿಬಂದವನೂ ಅದೇ ಡ್ರೈವರ್. ಅವನ ಹೆಗಲಿಗೆ ಜೋತುಬಿದ್ದೇ ಮಾವ ಅವನಿಗೆ ರಿವರ್ಸ್ ತೆಗೆಯುವುದನ್ನು ಕಲಿಸಿದನಂತೆ!

ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಆಮೇಲಿನ ವ್ಯಾಯಾಮಕ್ಕೆಂದು ಅತ್ತೆಯ ಜೊತೆ ಅದೇ ಊರಿನ ಟಿಳಕವಾಡಿಯ ನಮ್ಮ ಮನೆಗೆ ಬಂದು ಬಿಡಾರ ಹೂಡಿದ. ಡಾಕ್ಟರಿಗೆ ಅವನು ಕೇಳಿದ್ದು ಒಂದೇ ಪ್ರಶ್ನೆ: "ಕೆಳಗ ಚಕ್ಕಳಮಕ್ಕಳ ಹಾಕಿ ಕುಂದ್ರಾಕ ಬರತೈತೇನ್ರಿ?"

ಕಾರಣವಿತ್ತು. ನೌಕರಿಯಲ್ಲಿದ್ದಷ್ಟು ಕಾಲ ಮಾವ ಗಡಿಬಿಡಿಯಲ್ಲಿ ಲಿಂಗಪೂಜೆ ಮುಗಿಸಿ ಮೊದಲ ಬಸ್ಸಿಗೆ ಓಡುತ್ತಿದ್ದ. ಅತ್ತೆ ಆಮೇಲೆ ಒಬ್ಬಳೇ ಪೂಜೆಗೆ ಕೂರುತ್ತಿದ್ದಳು. ನಿವೃತ್ತಿಯಾದ ಮೇಲೆ ಇಬ್ಬರೂ ಒಂದೇ ಚಾಪೆಯ ಮೇಲೆ ಜೋಡಿಯಾಗಿ ಕೂತು, ಅಂಗೈಯಲ್ಲಿ ಲಿಂಗ ಹಿಡಿಯುವುದು ರೂಢಿಯಾಗಿತ್ತು. ಅದೊಂದು ತಪ್ಪಬಾರದು ಎಂದು ಮಾವ ಹಟ ಹಿಡಿದಿದ್ದ. ನೋಡೋಣ, ಮೊದಲು ವ್ಯಾಯಾಮ ಮಾಡಿ ಎಂದರು ಡಾಕ್ಟರು.

ವ್ಯಾಯಾಮ ಮಾಡಿಸಲು ಬರುತ್ತಿದ್ದವಳು ಒಬ್ಬ ಮರಾಠಿ ಹುಡುಗಿ. ಮಾವ ಅವಳೊಂದಿಗೆ ಸಕ್ಕರೆಯಂಥ ಮರಾಠಿ ಆಡುವುದು, ನನ್ನ ಕಡೆ ತಿರುಗಿ ಅಚ್ಚ ಕನ್ನಡದಲ್ಲಿ, ಇವಳು ಹೋದ ಜನ್ಮದಲ್ಲಿ ಎಮ್ಮೆಗಳನ್ನು ಕಾಡಿಸುತ್ತಿದ್ದಳೆಂದು ಶಪಿಸುವುದು. ಒಂದು ದಿನ ಆಕೆ ಮೊಣಕಾಲು ಒತ್ತುತ್ತ ತಣ್ಣಗೆ, "ಮಾಮಾ, ಎಮ್ಮಿ ಕಾಡಸಾಕಿ ಬಂದಾಳ, ಕಾಲ ಮಡಚ್ರಿ" ಎಂದಳು. ಖಾನಾಪುರದಲ್ಲಿ ಎರಡೂ ಭಾಷೆಯಲ್ಲಿ ಜಗಳವಾಡಿ ಬೆಳೆದವನಿಗೆ, ಇನ್ನೊಬ್ಬರಿಗೂ ಎರಡೂ ಬಂದಾವು ಎಂದು ಹೊಳೆಯಬಾರದೇ? ಮಾವ ತೆಪ್ಪಗೆ ಕಾಲು ಮಡಚಿದ.

ಕಾಲು ಚಾಚಿ ಮಡಚಿ ಬೇಸರ ಬಂದಾಗ ಮಾವ ಹಾಸಿಗೆಯನ್ನೇ ಬಸ್ಸು ಮಾಡಿಕೊಂಡ. ಎಡಗಾಲು ಕ್ಲಚ್ಚು, ಕೈಯಲ್ಲಿ ಗೇರು, ಬಾಯಲ್ಲಿ ಹಾರ್ನು! ದಿನವೂ ಬಸ್ಸು ಜಾಂಬೋಟಿಗೆ. ಚಹಾ ತಂದ ನನ್ನ ಅಮ್ಮನಿಗೆ, ಓಡುವ ಗಾಡಿ ಹತ್ತಿದ್ದಕ್ಕೆ ಬೈಗುಳ. ಕೋಣೆಯಿಂದ ಹೊರಡಬೇಕೆಂದರೆ ನಾನು ಸ್ಟಾಪು ಬರುವವರೆಗೆ ಕಾಯಬೇಕು. ಜಾಂಬೋಟಿ ಮುಟ್ಟಿದ ಮೇಲೆ ಗಾಡಿ ಡಿಪೋಕ್ಕೆ ವಾಪಸ್ಸು ತರಬೇಕಲ್ಲ, ಹಾಗಾಗಿ ವ್ಯಾಯಾಮ ಎರಡು ಪಟ್ಟು. ಹುಡುಗಿಗೆ ಖುಷಿಯೋ ಖುಷಿ. ಮಾವ ಕೋಲು ಬಿಟ್ಟ, ಮೆಟ್ಟಿಲು ಹತ್ತಿದ, ಟಿಳಕವಾಡಿಯ ರಿಕ್ಷಾದವರಿಗೆಲ್ಲ ಬುದ್ಧಿ ಹೇಳಿ ಬಂದ.

ಕೊನೆಗೆ ತೋರಿಸಲು ಹೋದಾಗ ಡಾಕ್ಟರು ಬೆನ್ನು ತಟ್ಟಿದರು. ನಡೆಯಬಹುದು, ಎಲ್ಲಿ ಬೇಕಾದರೂ ಹೋಗಬಹುದು. ಆದರೆ ಮೊಣಕಾಲು ಸವೆದೂ ಇರುವುದರಿಂದ ನೆಲದ ಮೇಲೆ ಚಕ್ಕಳಮಕ್ಕಳ ಇನ್ನು ಬೇಡವೇ ಬೇಡ, ಪೂಜೆಗೂ ಕುರ್ಚಿಯೇ ಇರಲಿ ಎಂದರು. ಅಂದು ಯಾವ ಬಸ್ಸೂ ಹೊರಡಲಿಲ್ಲ.

ಮರುದಿನ ಬೆಳಿಗ್ಗೆ ಮಾವ ವಿಭೂತಿ ಹಚ್ಚಿಕೊಂಡು, ಚಾಪೆ ಹಾಸಿದ್ದ ಅತ್ತೆಯಿಂದ ದೂರದ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡ.

"ನೀ ಕೆಳಗ, ನಾ ಮ್ಯಾಲ ಕುಂತರ ಚಂದ ಕಾಣೂದಿಲ್ಲ. ನೀ ಮುಗಿಸ್ಕೊ, ನಾ ಆಮ್ಯಾಲ ಮಾಡ್ಕೋತೇನಿ."

ಕುರ್ಚಿಯ ಮೇಲೆ ಪೂಜೆಗೆ ಕೂತವರನ್ನು ಕಂಡರೆ ಮೂಗು ಮುರಿಯುವ ನನ್ನ ಅತ್ತೆ ಚಾಪೆ ಸುತ್ತಿ ಗೋಡೆಗೆ ಆನಿಸಿದಳು. ಇನ್ನೊಂದು ಕುರ್ಚಿ ಎಳೆತಂದು ಅವನ ಭುಜಕ್ಕೆ ಭುಜ ತಾಗುವಂತೆ ಕೂತಳು.

"ಒಬ್ಬಾಕಿನ ಕುಂತಿದ್ದು ಸಾಕಾಗೇತಿ ನನಗ," ಎಂದಳು.

ಗಿಡ್ಡ ಅತ್ತೆಯ ಕಾಲುಗಳು ನೆಲ ಮುಟ್ಟದೆ ಜೋತಾಡುತ್ತಿದ್ದವು. ಮಾವ ನೋಡಿದ. ಎದ್ದು ಅಡುಗೆಮನೆಯಿಂದ ಮಣೆ ತಂದು, ಆ ಮೊಣಕಾಲನ್ನೇ ಮೆಲ್ಲಗೆ ಬಗ್ಗಿಸಿ, ಅವಳ ಪಾದದ ಕೆಳಗಿಟ್ಟ.