ಕಿಡಿಯ ಹತ್ತನೆಯ ಹಾಡು

ಕಿಡಿಗೆ ಸಿಟ್ಟು ಬರುತ್ತಿರಲಿಲ್ಲ. ಬೇರೆಯವರಿಗಾದರೆ ಇದು ಸಂತೋಷದ ಸಂಗತಿ. ಆದರೆ ಅವಳು ರ‍್ಯಾಪ್ ಹಾಡುವವಳು, ಸಿಟ್ಟೇ ಅವಳ ಬಂಡವಾಳ. ಹಳೆಯ ಸಿಟ್ಟಿನಲ್ಲಿ ತಳಕ್ಕೆ ಅಂಟಿದ್ದನ್ನೆಲ್ಲ ಕೆರೆದು ಎರಡನೆಯ ಆಲ್ಬಮ್ಮಿಗೆ ಒಂಬತ್ತು ಹಾಡು ಮಾಡಿಕೊಂಡಿದ್ದಳು. ಹತ್ತನೆಯದಕ್ಕೆ ಏನೂ ಮಿಕ್ಕಿರಲಿಲ್ಲ.

ಬೆಳಿಗ್ಗೆಯೇ ಸ್ಟುಡಿಯೋದವನ ಫೋನು ಬಂತು. "ಈ ಸಲ ನಾವು ಬಿಡೋದು ಒಂದೇ ಆಲ್ಬಮ್. ಇನ್ನೊಂದು ತಂಡದವರೂ ಒಂಬತ್ತು ಮುಗಿಸಿದಾರೆ. ಯಾರ ಹತ್ತನೇ ಹಾಡು ಮೊದಲು ಬರುತ್ತೋ ಅವರದ್ದೇ ಬಿಡುಗಡೆ. ಸಂಜೆಗೆ ಬಾಗಿಲು ಬಂದ್. ಆಮೇಲೆ ನನ್ನ ಬೈಬೇಡ."

"ಬೈಯೋಕೆ ಬರ‍್ತಿದ್ರೆ ಹಾಡೇ ಮುಗಿಸ್ತಿದ್ದೆ" ಎಂದು ಕಿಡಿ ಫೋನಿಟ್ಟಳು.

ತಪ್ಪು ಅವಳದೇ. ಮೊದಲ ಆಲ್ಬಮ್ಮಿನಲ್ಲಿ ಅವಳು ತನ್ನ ಕಟ್ಟಡದವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಒಗೆದು ಒಣಹಾಕಿದ್ದಳು. ಹೊತ್ತುಗೊತ್ತಿಲ್ಲದೆ ಸುತ್ತಿಗೆ ಬಡಿಯುವ ಮೇಲಿನ ಮನೆಯ ಬಡಗಿ, ಬಾಗಿಲ ಕಿಂಡಿಗೆ ಕಣ್ಣು ಹಚ್ಚಿ ಹೋಗಿಬರುವವರ ಹಾಜರಿ ಹಾಕುವ ಎದುರುಮನೆಯ ನಿವೃತ್ತ ಟೀಚರ್, ಅಳತೆಯ ಜೊತೆಗೆ ಮನೆಮನೆಯ ಸುದ್ದಿಯನ್ನೂ ತೆಗೆಯುವ ಕೆಳಮನೆಯ ದರ್ಜಿ. ಹೆಸರು ಹೇಳಿರಲಿಲ್ಲ, ಆದರೆ ಗುರುತು ಸಿಗದ ಹಾಗೆಯೂ ಮಾಡಿರಲಿಲ್ಲ. ಹಾಡುಗಳು ಮನೆಮಾತಾದವು. ಕಟ್ಟಡದವರು ಒಂದಷ್ಟು ದಿನ ಮುಖ ಊದಿಸಿಕೊಂಡರು. ಆಮೇಲೆ ಏನಾಯಿತೋ, ಎಲ್ಲರೂ ಬೆಣ್ಣೆಯಂತಾದರು. ಸುತ್ತಿಗೆ ನಿಂತಿತು, ಕಿಂಡಿ ಮುಚ್ಚಿತು, ದರ್ಜಿ ಮೋಡ ಬಿಸಿಲಿನ ವಿಷಯ ಬಿಟ್ಟು ಬೇರೆ ಮಾತೇ ಆಡಲಿಲ್ಲ.

"ಹೆದರಿದಾರೆ ಕಣೇ, ಎರಡನೇದ್ರಲ್ಲೂ ಎಲ್ಲಿ ಹಾಕ್ತೀಯೋ ಅಂತ" ಎಂದಳು ಚಿಕ್ಕಮ್ಮ. ಕಿಡಿಯನ್ನು ಸಾಕಿದವಳು ಅವಳೇ, ಈಗಲೂ ಜೊತೆಯಲ್ಲೇ ಇದ್ದಳು. ಇತ್ತೀಚೆಗೆ ಸಂಜೆ ವಾಕಿಂಗ್ ಶುರುಮಾಡಿ ಗಂಟಲು ಕಟ್ಟಿಸಿಕೊಂಡಿದ್ದಳು. ವಾಕಿಂಗಿಗೂ ಗಂಟಲಿಗೂ ಏನು ಸಂಬಂಧ ಎಂದು ಕಿಡಿ ಕೇಳಿರಲಿಲ್ಲ.

ಇವತ್ತು ಹೇಗಾದರೂ ಮಾಡಿ ಯಾರಿಂದಲಾದರೂ ಬೈಸಿಕೊಳ್ಳಲೇಬೇಕೆಂದು ಕಿಡಿ ಸೊಂಟ ಕಟ್ಟಿದಳು.

ಮೊದಲು ಟೀಚರ್. ಅವರ ಬಾಗಿಲ ಪಕ್ಕದ ಕಸದ ಬುಟ್ಟಿಗೆ ಜೋರಾಗಿ ಒಂದು ಒದೆ ಕೊಟ್ಟಳು. ಈರುಳ್ಳಿ ಸಿಪ್ಪೆ ಮೆಟ್ಟಿಲಿನುದ್ದಕ್ಕೂ ಹಾರಿತು. ಟೀಚರ್ ಹೊರಗೆ ಬಂದರು. ಮೂವತ್ತು ವರ್ಷ ಮಕ್ಕಳನ್ನು ಗದರಿಸಿದ ಬಾಯಿ ಅದು. ಕಿಡಿ ಆಸೆಯಿಂದ ಕಾದಳು.

"ಎಡಗಾಲಲ್ಲಿ ಒದ್ದ್ಯೋ, ಬಲಗಾಲಲ್ಲೋ?" ಎಂದು ಟೀಚರ್ ಕೇಳಿದರು.

"ಎಡಗಾಲು. ಏನೀವಾಗ?"

"ಏನಿಲ್ಲಮ್ಮ, ಸುಮ್ನೆ ಕೇಳ್ದೆ" ಎಂದು ಅವರು ಪೊರಕೆ ತಂದರು.

ಕಿಡಿ ಚಿಕ್ಕಮ್ಮನ ಉಣ್ಣೆ ಕಂಬಳಿಯೊಂದನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡದೆ ಕಿಟಕಿಗೆ ನೇತುಹಾಕಿದಳು. ಕೆಳಗೆ ದರ್ಜಿ ಹೊಲಿದು ತೂಗುಹಾಕಿದ್ದ ಹೊಸ ಕೋಟುಗಳ ಮೇಲೆ ನೀರು ತೊಟ್ಟಿಕ್ಕತೊಡಗಿತು. ದರ್ಜಿ ತಲೆಯೆತ್ತಿ ನೋಡಿದ. ಕೋಟುಗಳನ್ನು ಸರಿಸಿ ಅಲ್ಲೊಂದು ತಗಡಿನ ಡಬ್ಬ ಇಟ್ಟ. ಡಬ್ಬದ ಟಪ್ ಟಪ್ ಸದ್ದಿಗೆ ಕಿವಿಗೊಟ್ಟು, ಸಂಬಂಧಿಕರ ಮಗು ಹಾಡುವುದನ್ನು ಕೇಳುವವನಂತೆ ತಲೆದೂಗಿದ.

ಕಿಡಿಗೆ ಅಳುವೇ ಬಂದಂತಾಯಿತು. ಸೌಟು ಹಿಡಿದು ಮೇಲೆ ಓಡಿ ಬಡಗಿಯ ಬಾಗಿಲನ್ನು ಬಡಿದಳು.

"ಯಾಕ್ರೀ ಸುತ್ತಿಗೆ ಹೊಡೀತಿಲ್ಲ? ಕೈಗೇನು ಲಕ್ವ ಹೊಡ್ದಿದ್ಯಾ? ನಿಮ್ಮಿಂದ ನನ್ನ ಬಾಳು ಹಾಳಾಗ್ತಿದೆ!"

"ಇನ್ನೊಂದ್ಸಲ ಹೇಳಿ, ಇದೇ ಧಾಟೀಲಿ" ಎಂದ ಬಡಗಿ, ತುಂಬ ವಿನಯದಿಂದ. ಅವಳು ಹೇಳಿದಳು. "ಥ್ಯಾಂಕ್ಸ್" ಎಂದು ಅವನು ಬಾಗಿಲು ಹಾಕಿಕೊಂಡ.

ಆ ಥ್ಯಾಂಕ್ಸ್ ಅವಳ ನೆತ್ತಿಗೇರಲು ಮಧ್ಯಾಹ್ನವಾಯಿತು. ಏರಿದ್ದು ಮಾತ್ರ ಸರಿಯಾಗಿಯೇ ಏರಿತು. ಬೈದರೂ ಬೈಯದ, ಒದ್ದರೂ ಗುಡಿಸುವ ಈ ಜನ ತನ್ನ ಅನ್ನಕ್ಕೇ ಕಲ್ಲು ಹಾಕಿದ್ದಾರಲ್ಲ! ಅವಳು ಮೈಕು ಹಿಡಿದು ಬೀರುವಿನೊಳಗೆ ನುಗ್ಗಿದಳು. ಅವಳ ಧ್ವನಿಮುದ್ರಣವೆಲ್ಲ ನಡೆಯುತ್ತಿದ್ದುದು ಅಲ್ಲೇ. ಕಂಬಳಿಗಳ ನಡುವೆ ದನಿ ಗುಂಯ್‌ಗುಡುವುದಿಲ್ಲ. ಬೆವರು ಸುರಿಸುತ್ತ, ಒಳ್ಳೆಯತನವನ್ನು ವಾಚಾಮಗೋಚರವಾಗಿ ಬೈದು, ಒಂದೇ ಉಸಿರಿಗೆ ಹಾಡು ಮುಗಿಸಿದಳು. ಅವಳ ಬಾಳಿನಲ್ಲೇ ಅಷ್ಟು ಒಳ್ಳೆಯ ಹಾಡು ಬಂದಿರಲಿಲ್ಲ. ಕಳಿಸಿ, ಬೀರುವಿನಿಂದ ಹೊರಬಿದ್ದು, ಸ್ಟುಡಿಯೋಗೆ ಫೋನ್ ಮಾಡಿದಳು.

"ಬೆಂಕಿ ಹಾಡು" ಎಂದ ಅವನು. "ಆದ್ರೆ ತಡವಾಯ್ತು. ಆ ತಂಡದವರು ಒಂದು ಗಂಟೆ ಮುಂಚೆನೇ ಬಂದು ಹತ್ತನೇದು ಹಾಡಿ ಹೋದ್ರು. ಸ್ವಲ್ಪ ಕೇಳು, ಹಾಕ್ತೀನಿ."

ಮೊದಲು ಡಬ್ಬದ ಮೇಲೆ ನೀರು ತೊಟ್ಟಿಕ್ಕುವ ತಾಳ. ಅದರ ಮೇಲೆ ಹೊಲಿಗೆ ಯಂತ್ರದ ಟಕಟಕ. ಅದಕ್ಕೆ ಸುತ್ತಿಗೆಯ ಪೆಟ್ಟು. ಆಮೇಲೆ ಮೂವತ್ತು ವರ್ಷ ಗದರಿ ಪಳಗಿದ ಆ ಕಂಠ:

"ಕಸದ ಬುಟ್ಟಿ, ಎಡಗಾಲಲ್ಲಿ ಮೆಟ್ಟಿ,
ಬಂದಳು ನೋಡು ಜಗಳಗಟ್ಟಿ!
ಸ್ಟುಡಿಯೋ ಎಲ್ಲಿ? ಬೀರೂಲಿ!
ಹೊದ್ದಿರೋದೇನು? ಚಿಕ್ಕಮ್ಮನ ಕಂಬಳಿ!"

ನಡುನಡುವೆ ಅವಳದೇ ಧಾಟಿಯಲ್ಲಿ ಬಡಗಿ ಕೂಗುತ್ತಿದ್ದ: "ಬಾಳು ಹಾಳಾಗ್ತಿದೆ, ಬಾಳು ಹಾಳಾಗ್ತಿದೆ!"

ಕಿಡಿಯ ತಲೆ ತಾಳಕ್ಕೆ ಆಡುತ್ತಿತ್ತು. ಕೈಯಿಂದ ಹಿಡಿದು ನಿಲ್ಲಿಸಿದಳು. ಹಾಡು ನಿಜಕ್ಕೂ ಚೆನ್ನಾಗಿತ್ತು, ಅದು ಅವಳಿಗೆ ಗೊತ್ತಾಯಿತು, ಹೊಟ್ಟೆಯುರಿದದ್ದೂ ಅದಕ್ಕೇ. ಆದರೆ ಬೀರುವಿನ ವಿಷಯ ಇವರಿಗೆ ಹೇಗೆ ತಿಳಿಯಿತು? ಅಷ್ಟರಲ್ಲಿ ಪಲ್ಲವಿಯನ್ನು ಮತ್ತೊಬ್ಬಳು ಎತ್ತಿಕೊಂಡಳು. ಗಂಟಲು ಕಟ್ಟಿದ ದನಿ.

"ಚಿಕ್ಕಮ್ಮಾ!"

"ಏನ್ಮಾಡ್ಲಿ ಮತ್ತೆ?" ಅಡುಗೆಮನೆಯಿಂದ ಉತ್ತರ ಬಂತು. "ಮೊದಲನೇದ್ರಲ್ಲಿ ಇಡೀ ಬಿಲ್ಡಿಂಗನ್ನ ಹಾಕ್ದೆ. ಸಾಕಿ ಬೆಳೆಸಿದೋಳ ಬಗ್ಗೆ ಒಂದು ಸಾಲಾದ್ರೂ ಇತ್ತಾ?"

ಬಾಗಿಲು ತಟ್ಟಿದ ಸದ್ದಾಯಿತು. ಟೀಚರ್, ಬಡಗಿ, ದರ್ಜಿ ಮೂವರೂ ಸಾಲಾಗಿ, ಸಂಕೋಚದಿಂದ ನಿಂತಿದ್ದರು.

"ಸ್ಟುಡಿಯೋದವನು ಈಗ್ಲೇ ನಮ್ಮಿಂದ ಎರಡನೇ ಆಲ್ಬಮ್ ಕೇಳ್ತಿದಾನಮ್ಮ" ಎಂದರು ಟೀಚರ್. "ಮೊದಲನೇದ್ರಲ್ಲೇ ನಮ್ಮ ಸಿಟ್ಟೆಲ್ಲ ಖಾಲಿ. ಆವಾಗಾವಾಗ ಬಂದು ಇವತ್ತಿನ ಥರ ಒಂದಿಷ್ಟು ಕೆಟ್ಟದಾಗಿ ನಡ್ಕೊಂಡ್ರೆ..."

ಕಿಡಿಯ ಬಾಯಿ ತುಂಬ ಬೈಗುಳ ಬಂದು ತುಂಬಿಕೊಂಡಿತು. ಒಂದೊಂದೂ ಒಂದೊಂದು ಹಾಡಾಗುವಂಥದು. ಬಡಗಿ ಮೆಲ್ಲಗೆ ಜೇಬಿನಿಂದ ಫೋನು ತೆಗೆದು ರೆಕಾರ್ಡಿಗೆ ಹಾಕಿದ. ಅದನ್ನು ಕಂಡು ಅವಳು ಎಲ್ಲವನ್ನೂ ನುಂಗಿಕೊಂಡಳು.

"ಬನ್ನಿ, ಒಳಗೆ ಬನ್ನಿ" ಎಂದಳು ನಗುತ್ತ. "ಕುಡಿಯೋಕೆ ನೀರು ಕೊಡ್ಲಾ?"

ಮೂವರ ಮುಖವೂ ಇಳಿದುಹೋಯಿತು. ಆ ದಿನ ಅವಳು ಗೆದ್ದದ್ದು ಅಷ್ಟೇ.

ಅವರು ಹೋದ ಮೇಲೆ ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು. ತೊಟ್ಟಿಕ್ಕುವ ಕಂಬಳಿಯನ್ನು ಒಳಗೆ ತಂದು ಹಿಂಡಿದಳು. ಹೊಸ ಹಾಡಿಗೆಂದು ಬೀರುವಿನಲ್ಲಿ ಕೂತು ಬಾಯಿ ತೆರೆದಳು. ಮೇಲಿನ ಮನೆ ನಿಶ್ಶಬ್ದವಾಗಿತ್ತು, ಕೆಳಗಿನದೂ ನಿಶ್ಶಬ್ದ. ಎಲ್ಲರೂ ಕಿವಿಗೊಟ್ಟು ಕಾಯುತ್ತಿದ್ದರು. ತೆರೆದ ಬಾಯಿಯನ್ನು ಮುಚ್ಚಿದಳು.

"ಯಾಕೇ, ಸಿಟ್ಟು ಬಂತಾ?" ಎಂದು ಚಿಕ್ಕಮ್ಮ ಆಸೆಯಿಂದ ಕೇಳಿದಳು.

"ಇಲ್ಲ ಚಿಕ್ಕಮ್ಮ" ಎಂದಳು ಕಿಡಿ, ಕಂಬಳಿಗೂ ಕೇಳಿಸದಷ್ಟು ಮೆತ್ತಗೆ.